ಮೊದಲ ಲೋಟ ಟೀ

"ದೇವೀರಕ್ಕ, ನನ್ ಕ್ಲಾಸಲ್ಲಿ ಒಬ್ಬಳೂ ಬಟ್ಟೆ ಹಾಳು ಮಾಡಲ್ಲ. ನಿಮ್ಮಲ್ಲಿ ನೋಡಿದ್ರೆ ದಿನಾ ಯಾರಾದ್ರೂ ಒಬ್ಬಳು, ಅಯ್ಯೋ ತಪ್ಪಾಗಿ ಕತ್ತರಿಸಿಬಿಟ್ಟೆ ಅಂತ ಬರ್ತಾನೇ ಇರ್ತಾಳೆ. ಹಂಗಾದ್ರೆ ಹೇಳ್ಕೊಡೋದು ಯಾರಿಗೆ ಚೆನ್ನಾಗಿ ಬರುತ್ತೆ?"

ಕೇಳಿದವಳು ಸುಗುಣ. ಹೊಲಿಗೆ ಕಲಿತಿದ್ದು ದೇವೀರಮ್ಮನ ಹತ್ರಾನೇ. ಈಗ ಪಕ್ಕದ ಬೀದೀಲಿ ತಾನೇ ಕ್ಲಾಸ್ ಇಟ್ಟಿದ್ದಾಳೆ.

ದೇವೀರಮ್ಮ ಸೂಜಿಗೆ ದಾರ ಪೋಣಿಸ್ತಾ, "ಕೂತ್ಕೋ, ದೊಡ್ಡ ಟೀಚರಮ್ಮ. ನಮ್ಮ ಎದುರುಮನೆಯೋನ ಕತೆ ಹೇಳ್ತೀನಿ. ಅವನ ಹೆಂಡ್ತಿ ಹೇಳಿದ್ದು ಅರ್ಧ, ನಾನು ಕಾಂಪೌಂಡ್ ಹತ್ರ ನಿಂತು ಕೇಳಿಸ್ಕೊಂಡಿದ್ದು ಅರ್ಧ" ಅಂದಳು.

ಈ ಎದುರುಮನೆಯೋನು ಮೊದಲು ಇಂಜಿನಿಯರ್. ವಿಮಾನ ಮಾಡೋ ಫ್ಯಾಕ್ಟರೀಲಿ ಕೆಲಸ. ರೆಕ್ಕೆ ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡೋ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೀತಿದ್ದ. ಹೊಸದಾಗಿ ಸೇರಿದೋರಿಗೆ ಊಟದ ಹೊತ್ತಲ್ಲಿ ಅದನ್ನ ಹೇಳ್ಕೊಡ್ತಿದ್ದ. ಹೇಳ್ಕೊಡ್ತಾ ಹೇಳ್ಕೊಡ್ತಾ ಅದರ ರುಚಿ ಹತ್ತಿಬಿಡ್ತು. ಒಂದಿನ ಆ ದೊಡ್ಡ ಕೆಲಸ ಬಿಟ್ಟು ಹೆಣ್ಮಕ್ಕಳ ಕಾಲೇಜಲ್ಲಿ ಕಂಪ್ಯೂಟರ್ ಮೇಷ್ಟ್ರಾದ. ಮಾವನ ಮನೆಯೋರು ಬಂದು, "ವಿಮಾನದಿಂದ ಇಳಿದು ಬೆಂಚಿಗೆ ಬಂದ್ರು ನೋಡಿ ನಮ್ಮ ಅಳಿಯಂದ್ರು" ಅಂತ ಆಡ್ಕೊಂಡು, ಉಪ್ಪಿಟ್ಟು ತಿಂದು ಹೋದ್ರು. ಅವನಿಗೆ ಒಳ್ಳೆ ಮೇಷ್ಟ್ರು ಅನ್ನಿಸ್ಕೋಬೇಕು, ಅದೊಂದೇ ಹಟ.

ಫ್ಯಾಕ್ಟರೀಲಿ ಒಂದು ಪದ್ಧತಿ ಇತ್ತು. ಸ್ಪ್ಯಾನರು, ಸ್ಕ್ರೂಡ್ರೈವರು ಎಲ್ಲಾ ಒಂದು ಹಲಗೆ ಮೇಲೆ ನೇತುಹಾಕೋರು. ಒಂದೊಂದರ ಹಿಂದೆಯೂ ಅದರದ್ದೇ ಆಕಾರ ಬಣ್ಣದಲ್ಲಿ ಬರೆದಿರ್ತಿತ್ತು. ಸಂಜೆ ಒಂದು ಜಾಗ ಖಾಲಿ ಕಂಡ್ರೆ ವಿಮಾನ ಕದಲೋ ಹಂಗಿಲ್ಲ. ಸ್ಪ್ಯಾನರ್ ರೆಕ್ಕೆ ಒಳಗೆ ಬಿದ್ದಿದ್ರೆ ಮೇಲೆ ಹೋದೋರ ಗತಿ ಏನು?

ಆ ಶಿಸ್ತನ್ನೇ ಅವನು ಕಾಲೇಜಿಗೆ ಹೊತ್ಕೊಂಡು ಬಂದ. ಯಾವ ಹುಡುಗಿ ಪ್ರೋಗ್ರಾಮಲ್ಲಿ ತಪ್ಪು ಕಂಡ್ರೂ ಎಲ್ಲರ ಮುಂದೆ ನಿಲ್ಲಿಸಿ, "ನೀನು ಮಾಡಿದ ವಿಮಾನದಲ್ಲಿ ನಿಮ್ಮಮ್ಮನ್ನ ಕೂರಿಸ್ತೀಯಾ?" ಅಂತ ಕೇಳೋನು. ಸ್ವಲ್ಪ ದಿನಕ್ಕೆ ತಪ್ಪುಗಳೇ ನಿಂತೋದ್ವು. ಕ್ಲಾಸು ಗಪ್‌ಚುಪ್. ಮೇಷ್ಟ್ರು ಮನೇಲಿ ಎರಡು ತುತ್ತು ಜಾಸ್ತಿ ಉಂಡ್ರು.

ಒಂದಿನ ಬೋರ್ಡ್ ಮೇಲೆ ಜ್ವರ ನೋಡೋ ಪ್ರೋಗ್ರಾಮ್ ಬರೆದ. ಮೈ ಎಷ್ಟು ಬಿಸಿ ಅಂತ ಹೇಳಿದ್ರೆ, ಜ್ವರ ಇದೆಯೋ ಇಲ್ವೋ ಕಂಪ್ಯೂಟರ್ ಹೇಳ್ಬೇಕು. ಬರೆಯೋ ಭರದಲ್ಲಿ ಜಾಸ್ತಿ ಅಂತ ಹಾಕೋ ಕಡೆ ಕಮ್ಮಿ ಅಂತ ಹಾಕಿಬಿಟ್ಟ. ಹುಡುಗಿಯರು ಟೈಪ್ ಮಾಡಿದ್ರು. ಅವನು ಮೊದಲನೇ ಕಂಪ್ಯೂಟರಿಗೆ ಹೋಗಿ ನೂರ ನಾಲ್ಕು ಡಿಗ್ರಿ ಅಂತ ಒತ್ತಿದ. ಜ್ವರ ಇಲ್ಲ ಅಂತು. ಪಕ್ಕದ್ದಕ್ಕೆ ಹೋದ. ಜ್ವರ ಇಲ್ಲ. ಕೆಂಡದಂಗೆ ಸುಡೋ ಮೈ ಕಣೇ ಅದು, ಕೊನೇ ಸಾಲಿನವರೆಗೂ ಎಲ್ಲಾ ಕಂಪ್ಯೂಟರೂ ಜ್ವರ ಇಲ್ಲ, ಜ್ವರ ಇಲ್ಲ.

"ಬೋರ್ಡ್ ಮೇಲೆ ನಾನೇ ತಪ್ಪು ಬರೆದಿದ್ದೀನಲ್ಲ. ಯಾರೂ ನೋಡ್ಲಿಲ್ವಾ?"

ಕಿಟಕಿ ಪಕ್ಕದ ಹುಡುಗಿ ಎದ್ದು ನಿಂತಳು. "ನೋಡಿದ್ವಿ ಸಾರ್."

"ಮತ್ತೆ ಹೇಳೋಕೇನಾಗಿತ್ತು?"

"ತಪ್ಪು ಅಂದ ತಕ್ಷಣ ನೀವು ಅಮ್ಮನ್ನ ಎಳೀತೀರ ಸಾರ್. ಅದಕ್ಕೇ ನಮ್ಮದೂ ಹೇಳಲ್ಲ, ನಿಮ್ಮದೂ ಹೇಳಲ್ಲ. ಯಾರದ್ದಾದ್ರೂ ಒಬ್ಬಳದ್ದು ಸರಿ ಬಂದ್ರೆ, ಅದನ್ನೇ ನೋಡ್ಕೊಂಡು ಎಲ್ಲರೂ ಒತ್ತಿಬಿಡ್ತೀವಿ."

ಅವನು ಅಲ್ಲೇ ಬೆಂಚ್ ಮೇಲೆ ಕೂತ. ಫ್ಯಾಕ್ಟರಿ ಕಣ್ಣಮುಂದೆ ಬಂತು. ಹಲಗೆ ಮೇಲೆ ಜಾಗ ಖಾಲಿ ಕಂಡಾಗ, "ನನ್ ಕೈಯಿಂದ ಬಿದ್ದಿದ್ದು" ಅಂತ ಮುಂದೆ ಬಂದೋನಿಗೆ ಅಲ್ಲಿ ಬೈಗುಳ ಇರ್ಲಿಲ್ಲ. ಸೂಪರ್‌ವೈಸರ್ ತನ್ನ ಫ್ಲಾಸ್ಕಿಂದ ಮೊದಲ ಲೋಟ ಟೀ ಅವನಿಗೇ ಕೊಡೋನು. ಆಮೇಲೆ ಎಲ್ಲರೂ ಸೇರಿ ಟಾರ್ಚ್ ಹಿಡಿದು ರೆಕ್ಕೆ ಒಳಗೆ ಹುಡುಕೋರು. ಅಲ್ಲೂ ಕೈ ಜಾರ್ತಾನೇ ಇತ್ತು. ಆದ್ರೆ ಬಾಯಿಬಿಟ್ಟು ಹೇಳ್ತಿದ್ರು, ಅದಕ್ಕೇ ವಿಮಾನ ಹಾರ್ತಿತ್ತು. ಇವನು ಹಲಗೇನ ಹೊತ್ಕೊಂಡು ಬಂದಿದ್ದ, ಫ್ಲಾಸ್ಕನ್ನ ಅಲ್ಲೇ ಬಿಟ್ಟು ಬಂದಿದ್ದ.

ಮಾರನೇ ದಿನ ಬೆಳಿಗ್ಗೆ ಹೆಂಡತಿ ಏಳೋಕೆ ಮುಂಚೆ ತಾನೇ ಟೀ ಕಾಯಿಸ್ಕೊಂಡು ಹೋದ. ಮೊದಲ ಲೋಟ ಕಿಟಕಿ ಪಕ್ಕದ ಹುಡುಗಿಗೆ ಕೊಟ್ಟು, "ನಿನ್ನೆ ನನ್ನ ತಪ್ಪು ಹೇಳಿದೆಯಲ್ಲ, ತಗೊಳಮ್ಮ" ಅಂದ. ಅವಳು ಒಂದು ಗುಟುಕು ಕುಡಿದು, ಅತ್ತ ಇತ್ತ ನೋಡಿ, "ಸಾರ್, ಸಕ್ಕರೆ ಹಾಕೋದು ಮರ್ತಿದ್ದೀರ" ಅಂದಳು. ಕ್ಲಾಸೆಲ್ಲಾ ಮೇಷ್ಟ್ರ ಮುಖ ನೋಡ್ತು. ಮೇಷ್ಟ್ರು ಹೊಟ್ಟೆ ಹಿಡ್ಕೊಂಡು ನಕ್ರು.

ಈಗ ಆ ಕ್ಲಾಸು ಥೇಟ್ ಸಂತೆ. ಸಾರ್ ನಂದು ತಪ್ಪು, ಸಾರ್ ನಂದು ಮೊದಲು ಅಂತ ಒಂದೇ ಕೂಗಾಟ. ಅವನ ಹೆಂಡತಿ ಹಾಲಿನ ಪ್ಯಾಕೆಟ್ ಸಾಲ್ತಿಲ್ಲ ಅಂತ ನನ್ನ ಹತ್ರ ಬಂದು ಗೊಣಗ್ತಾಳೆ.

ದೇವೀರಮ್ಮ ದಾರದ ತುದಿಗೆ ಗಂಟು ಹಾಕಿ ಸುಗುಣನ ಮುಖ ನೋಡಿದಳು.

"ನಿನ್ ಕ್ಲಾಸಲ್ಲಿ ಒಬ್ಬಳೂ ಬಟ್ಟೆ ಹಾಳು ಮಾಡಲ್ಲ ಅಂದ್ಯಲ್ಲ, ಅದನ್ನ ನಿಂಗೆ ಹೇಳಿದೋರು ಯಾರು ಕಣೇ?"