ನೂರಹನ್ನೊಂದರ ಮಳೆ

ಸ್ವಲ್ಪ ಹತ್ತಿರ ಬನ್ನಿ. ಬಾಗಿಲು ಮುಂದಕ್ಕೆ ಮಾಡಿ. ನಿಮ್ಮ ಕಿವಿಗೆ ಬಿದ್ದದ್ದು ನಿಮ್ಮ ಬಾಯಿಂದ ಹೊರಗೆ ಬರಕೂಡದು, ಆಣೆ ಇಡಿ. ಇದುವರೆಗೆ ಇದು ಗೊತ್ತಿರುವುದು ನಾಲ್ಕೇ ನಾಲ್ಕು ಮನೆಗೆ.

ಹೊಳೆದಂಡೆಯ ಆಶ್ರಮದ ದ್ಯಾಮವ್ವ ಸುಳ್ಳು ಬರೆದಳು. ಅದೂ ಗುರುಗಳ ಪುಸ್ತಕದಲ್ಲಿ!

ಪಕ್ಕದ ಗುಡಿಸಲಿನ ಹಾಲಯ್ಯನವರೇ ಅವಳ ಗುರುಗಳು. ಮೂವತ್ತೆಂಟು ವರ್ಷದಿಂದ ಅವರದು ಒಂದೇ ಜಪ. ಬೆಳಗಾದೊಡನೆ ಅಂಗಳದ ಮಳೆಮಾಪಕದಲ್ಲಿ ನಿಂತ ನೀರನ್ನು ಅಳೆಯುವುದು, ಎಷ್ಟು ಮಿಲಿಮೀಟರ್ ಎಂದು ಬರೆದಿಡುವುದು. ಕಣ್ಣು ಮಂಜಾದ ಮೇಲೆ, ಈ ಎರಡು ವರ್ಷ, ಆ ಕೆಲಸ ದ್ಯಾಮವ್ವನ ಪಾಲಿಗೆ ಬಂದಿತ್ತು. ಅವಳ ಜಂಬ ಕೇಳಬೇಡಿ.

ಒಂದು ದಿನ ಸಂಯುಕ್ತಾ ಎಂಬ ಹವಾಮಾನದ ಸಂಶೋಧಕಿ ಬಂದಳು. ದೊಡ್ಡ ಮಳೆ ಹಿಂದೆ ಎಷ್ಟು ವರ್ಷಕ್ಕೊಮ್ಮೆ ಬರುತ್ತಿತ್ತು, ಈಗ ಎಷ್ಟಕ್ಕೊಮ್ಮೆ, ಎಷ್ಟು ಜೋರಾಗಿ, ಇದೇ ಅವಳ ಅಧ್ಯಯನ. ಅವಳ ವರದಿ ನೋಡಿಯೇ, ಹೊಳೆನೀರಿಗೆ ಅಡ್ಡ ಕಟ್ಟಿದ ಕೆಳಗೇರಿಯ ತಡೆಗೋಡೆ ಎತ್ತರಿಸುವುದೋ ಬಿಡುವುದೋ ತೀರ್ಮಾನವಾಗಬೇಕಿತ್ತು.

ಪುಸ್ತಕ ತಿರುವುತ್ತಿದ್ದಂತೆ ಅವಳ ಹುಬ್ಬು ಮೇಲಕ್ಕೇರಿತು.

"ಗುರುಗಳು ಬರೆದ ಅತಿ ದೊಡ್ಡ ಮಳೆ ನೂರಹನ್ನೆರಡು. ಈ ಎರಡು ವರ್ಷದಲ್ಲಿ ಮೂರು ದೊಡ್ಡ ಮಳೆ. ಮೂರೂ ನೂರಹನ್ನೊಂದು! ಅಕ್ಕಾ, ಮಳೆ ಗೆರೆ ನೋಡಿಕೊಂಡು ಬೀಳುತ್ತಾ?"

"ನಮ್ಮೂರ ಮಳೆಗೆ ಶಿಸ್ತಿದೆ," ಎಂದಳು ದ್ಯಾಮವ್ವ, ಸೆರಗು ಬಿಗಿದು.

"ಸರಿ ಬಿಡಿ. ಮಳೆಯ ಜೋರು ಹೆಚ್ಚಿಲ್ಲ, ಹಳೆ ಗೋಡೆಯೇ ಸಾಕು ಅಂತ ಬರೀಲಾ?"

ದ್ಯಾಮವ್ವ ಪುಸ್ತಕಕ್ಕೆ ಅಡ್ಡ ಕೈ ಇಟ್ಟಳು. ಕೆಳಗೇರಿಯಲ್ಲಿ ಅವಳ ಒಡಹುಟ್ಟಿದ ತಂಗಿಯ ಮನೆ. ಹೋದ ಸಲ ನೀರು ಹೊಸಿಲು ದಾಟಿ ತೊಟ್ಟಿಲನ್ನು ತೇಲಿಸಿತ್ತು.

"ಬೇಡ ತಾಯಿ, ಬೇಡ! ಅದು ನೂರಹನ್ನೊಂದಲ್ಲ."

"ಮತ್ತೆಷ್ಟು?" ಅಲ್ಲೇ ಜಗಲಿಯಲ್ಲಿ ಕೂತಿದ್ದ ಗುರುಗಳು ಕೇಳಿದರು.

ಅವಳ ಹೊಟ್ಟೆಯಲ್ಲಿ ಯಾವ ಗುಟ್ಟು ನಿಂತಿದೆ ಹೇಳಿ? ನಿಜವಾದ ಅಳತೆಯನ್ನು ತಾರೀಖಿನ ಸಮೇತ ಒಲೆಯ ಹಿಂದಿನ ಗೋಡೆಗೆ ಇದ್ದಿಲಲ್ಲಿ ಗೀಚಿಟ್ಟಿದ್ದಳು. ಓಡಿಹೋಗಿ ಅಲ್ಲಿಂದಲೇ ಕೂಗಿದಳು.

"ನೂರಮೂವತ್ತಾರು! ನೂರನಲವತ್ತೊಂಬತ್ತು! ನೂರೆಪ್ಪತ್ತೆಂಟು!"

"ಹಾಗಾದರೆ ಪುಸ್ತಕದಲ್ಲಿ ನೂರಹನ್ನೊಂದು ಯಾಕೆ?" ಎಂದಳು ಸಂಯುಕ್ತಾ.

ದ್ಯಾಮವ್ವ ಮೆಲ್ಲನೆ ಹೊರಗೆ ಬಂದಳು.

"ಗುರುಗಳ ಕೈಯಲ್ಲಿ ನೂರಹನ್ನೆರಡು ಬರೆದಿದೆ. ಶಿಷ್ಯಳಾದವಳು ಅದನ್ನು ಮೀರಿ ಬರೆದರೆ ನೋಡಿದವರು ಏನಂದಾರು? ಒಂದಾದರೂ ಕಡಿಮೆ ಇರಲಿ ಅಂತ..."

ಸಂಯುಕ್ತಾ ಪುಸ್ತಕದಿಂದ ಮುಖ ಮುಚ್ಚಿಕೊಂಡಳು. ನಗುವಿಗೆ ಭುಜ ಕುಲುಕುತ್ತಿದ್ದವು.

ಗುರುಗಳು ತಡವರಿಸಿ ಪೆನ್ನು ಹುಡುಕಿ ದ್ಯಾಮವ್ವನ ಕೈಗಿಟ್ಟರು.

"ಸುಳ್ಳನ್ನು ಅಳಿಸಬೇಡ. ಅದರ ಪಕ್ಕದಲ್ಲೇ ನಿಜ ಬರೆ."

ಅವಳು ಬರೆದಳು. ಮೂರನೆಯದನ್ನೂ ಬರೆದು ಪೆನ್ನು ಕೆಳಗಿಟ್ಟಳು.

"ನನ್ನನ್ನು ಆಶ್ರಮದಿಂದ ಕಳಿಸಿಬಿಡ್ತೀರಾ ಗುರುಗಳೇ?"

"ನಾಳೆ ಬೆಳಗ್ಗೆ ಅಳೆಯೋರು ಯಾರು ಮತ್ತೆ?"

"ನಾನೇ. ಆದರೆ ನಾಳೆ ಇನ್ನೂರು ಬಿದ್ದರೆ?"

ಗುರುಗಳು ಅವಳ ಮುಖಕ್ಕೆ ಮುಖ ಕೊಟ್ಟು ನಕ್ಕರು.

"ಮಳೆ ನನ್ನ ಶಿಷ್ಯನಲ್ಲ ದ್ಯಾಮವ್ವ, ನನಗೆ ಹೆದರಿ ಒಂದು ಕಡಿಮೆ ಸುರಿಯೋಕೆ."