ಹೊಳೆಯಾಚೆಯವರನ್ನು ಕಾದ ಶಿಷ್ಯ

ಈ ಕಥೆ ಹೇಳುವವರು ಹೊಳೆಯ ಹೆಸರು ಹೇಳುವುದಿಲ್ಲ. ಕೇಳಿದರೆ, ಮಂಜು ಬಿದ್ದಾಗ ಎಲ್ಲ ಹೊಳೆಯೂ ಒಂದೇ ಎನ್ನುತ್ತಾರೆ. ಇರಲಿ.

ಆ ಹೊಳೆಯ ದಂಡೆಯ ಮೇಲೆ ಒಂದು ಆಶ್ರಮವಿತ್ತು. ಬಾಗಿಲ ಮೇಲೆ ಕಟ್ಟಿಗೆಯ ಶಿಲುಬೆ, ಒಳಗೆ ನಾಲ್ಕು ಚಾಪೆ, ಒಂದು ದೀಪ. ಅಲ್ಲಿನ ಗುರುಗಳು ದೇವದಾನಪ್ಪ. ಎಲ್ಲರೂ ಅವರನ್ನು ಅಯ್ಯನವರು ಎಂದೇ ಕರೆಯುತ್ತಿದ್ದರು. ಯೇಸುಸ್ವಾಮಿಯ ವಿಷಯವನ್ನು ಅವರು ಹೇಳಿದ್ದಕ್ಕಿಂತ ಹಾಡಿದ್ದೇ ಹೆಚ್ಚು. ಬೀಸುವ ಹಾಡಿನ ಧಾಟಿಗೆ ತಾವೇ ಕಟ್ಟಿದ ಹಾಡುಗಳು, ಸುತ್ತಲ ಹಳ್ಳಿಗಳಿಗೆಲ್ಲ ಬಾಯಿಪಾಠವಾಗಿದ್ದವು.

ಶಿಷ್ಯನ ಹೆಸರು ಜಯವಂತ. ಅವನಿಗೆ ಇದ್ದದ್ದು ಒಂದೇ ಆಸೆ, ತನಗೊಂದು ಸಭೆ ಬೇಕು. ತಾನು ಪ್ರಾರ್ಥಿಸಿದರೆ ಆಮೆನ್ ಎನ್ನುವ ಮಂದಿ ಬೇಕು.

ಜೊತೆಯವರೆಲ್ಲ ಒಬ್ಬೊಬ್ಬರಾಗಿ ಸಭಾಪಾಲಕರಾಗಿ ಊರೂರಿಗೆ ಹೋದರು. ಇವನೊಬ್ಬ ಉಳಿದ. ತಾಳಿದವನು ಬಾಳಿಯಾನು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ತಾಳಿ ತಾಳಿ ಮುಖ ಮಾತ್ರ ಹುಳ್ಳಗಾಗಿತ್ತು.

ಆ ವರ್ಷ ಅಣೆಕಟ್ಟಿನ ನೀರು ಏರಿ ಹೊಳೆಯಾಚೆಯ ಒಂದು ಊರು ಮುಳುಗಿತು. ಮಂದಿ ಎತ್ತರದ ಬಯಲಿಗೆ ಬಂದು ತಗಡಿನ ಮನೆ ಹಾಕಿಕೊಂಡರು. ಅವರ ದೇವಾಲಯ ನೀರಿನಡಿ ಹೋಯಿತು. ಅವರ ಪಾಲಕರು ದೂರದ ಊರಿಗೆ ಹೋದರು.

ಅಯ್ಯನವರು ಜಯವಂತನನ್ನು ಕರೆದು, ಆ ಮಂದಿ ಇನ್ನು ನಿನ್ನ ಪಾಲಿಗೆ ಎಂದರು.

"ಹೊಳಿ ದಂಡಿಗೆ ಹೋಗು," ಎಂದರು. "ಅವರನ್ನ ಕಾಯು."

ಜಯವಂತನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ದಂಡೆಯ ಮೇಲೆ ಚಪ್ಪರ ಹಾಕಿದ. ಬೆಳಗಾದರೆ ಸಾಕು, ಕಸ ಗುಡಿಸಿ, ಜಮಖಾನೆ ಹಾಸಿ, ದೀಪ ಹಚ್ಚಿಟ್ಟು ಕೂರುತ್ತಿದ್ದ. ಅಲ್ಲೊಂದು ಹರಿಗೋಲಿತ್ತು. ಯಾರಾದರೂ ಒಯ್ದಾರು ಎಂದು ಅದನ್ನು ಜಾಲಿಮರಕ್ಕೆ ಬಿಗಿಯಾಗಿ ಕಟ್ಟಿದ.

ಯಾರೂ ಬರಲಿಲ್ಲ.

ಮಳೆಗಾಲ ಹಿಂದೆ ಸರಿಯಿತು. ಕ್ರಿಸ್‌ಮಸ್ಸಿಗೆ ಮೊದಲು ಯೇಸುಸ್ವಾಮಿಯ ಬರವನ್ನು ಕಾಯುವ ಆಗಮನದ ದಿನಗಳು ಬಂದವು, ಜೊತೆಗೆ ಮಂಜೂ ಬಂತು. ಬೆಳಗಿನ ಹೊತ್ತು ಹೊಳೆಯೂ ಆಕಾಶವೂ ಒಂದೇ ಹಾಲಿನ ಪಾತ್ರೆಯಾಗುತ್ತಿತ್ತು. ಆಚೆ ದಂಡೆ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಮಂಜು ಕರಗಿ ನೋಡಿದರೆ ಅಲ್ಲಿ ಬರೀ ಮರಳು.

ಕೂತು ಕೂತು ಬೇಸರವಾದಾಗ ಜಯವಂತ ಅಯ್ಯನವರ ಹಾಡು ಹಾಡುತ್ತಿದ್ದ. ಹಾಡಿದ್ದು ನೀರಿನ ಮೇಲೆ ಹೋಗಿ, ತುಸು ತಡೆದು, ಮೆಲ್ಲಗೆ ತಿರುಗಿ ಬರುತ್ತಿತ್ತು. ಮಾರ್ದನಿ ಎಂದುಕೊಂಡ. ನಿದ್ದೆಯೋ ಎಚ್ಚರವೋ ಎನ್ನುವಂತೆ ಅದನ್ನೇ ಕೇಳುತ್ತ ಕೂತಿರುತ್ತಿದ್ದ. ಎಷ್ಟೋ ಸಲ ಆ ದನಿ ತನ್ನದಕ್ಕಿಂತ ಇಂಪಾಗಿದೆ ಎನಿಸಿದ್ದೂ ಉಂಟು. ಅದಕ್ಕೂ ದುಃಖಪಟ್ಟ.

ಒಂದು ಬೆಳಿಗ್ಗೆ ಬಟ್ಟೆಯ ಗಂಟು ಕಟ್ಟಿಕೊಂಡು ಆಶ್ರಮಕ್ಕೆ ಬಂದ.

"ಅಯ್ಯನವರ, ನಾ ಹೊಂಟೆ ರೀ."

"ಎಲ್ಲಿಗೆ?"

"ಎಲ್ಲಿಗಾದ್ರೂ. ದೇವರು ನನ್ನ ಕರದಿಲ್ಲ. ಕರದಿದ್ರ ಇಷ್ಟ ದಿನದಾಗ ಒಬ್ಬರಾರ ಬರತಿದ್ರು."

"ಏನೂ ಬರಲಿಲ್ಲ?"

"ನಾ ಹಾಡಿದ್ದು ನನಗ ತಿರುಗಿ ಬರತದ. ಮತ್ತೇನೂ ಬರಂಗಿಲ್ಲ."

ನಿಜವಾಗಿಯೂ ಅವನಿಗೆ ಬೇರೆ ಎಲ್ಲೂ ಹೋಗುವ ಮನಸ್ಸಿರಲಿಲ್ಲ.

ಅಯ್ಯನವರು ಕೋಲು ಹಿಡಿದು ಎದ್ದರು. ಹೋಗುವವನು ಒಂದು ಸಲ ಹಾಡಿ ಹೋಗಬೇಕು ಎಂದರು. ಇಬ್ಬರೂ ದಂಡೆಗೆ ಬಂದರು. ಮಂಜು ಇನ್ನೂ ದಟ್ಟವಾಗಿತ್ತು.

ಜಯವಂತ ಹಾಡಿದ.

"ಬಾಗಿಲ ತೆರೆದಿಟ್ಟೆ, ದೀಪಾವ ಹಚ್ಚಿಟ್ಟೆ..."

ಅಲ್ಲಿಗೆ ಅಯ್ಯನವರು ತಮ್ಮ ಅಂಗೈಯಿಂದ ಅವನ ಬಾಯಿ ಮುಚ್ಚಿದರು.

ಹಾಡು ನಿಲ್ಲಲಿಲ್ಲ.

"ಬಾರಯ್ಯ ನಮ್ಮ ಮನೆತನಕ," ಎಂದಿತು ಮಂಜು.

ಜಯವಂತ ಗುರುವಿನ ಕೈಯ ಹಿಂದೆ ಉಸಿರು ಹಿಡಿದು ನಿಂತ. ಹಾಡು ಮುಂದಿನ ಸಾಲಿಗೂ ಹೋಯಿತು. ಅದರಲ್ಲಿ ಮಕ್ಕಳ ದನಿಯಿತ್ತು. ಧಾಟಿ ತಪ್ಪಿದ ಒಂದು ಮುದಿ ದನಿಯೂ ಇತ್ತು.

ಅಯ್ಯನವರು ಕೈ ತೆಗೆದರು. ಹರಿಗೋಲಿನ ಹಗ್ಗ ಬಿಚ್ಚಲು ಹೋದರು. ಗಂಟು ಬಿಗಿಯಾಗಿತ್ತು. ಜಯವಂತ ತಾನೂ ಕೈ ಹಾಕಿದ.

"ನೀ ಇಷ್ಟ ದಿನ ಏನ್ ಮಾಡ್ತಿದ್ದಿ?" ಎಂದು ಕೇಳಿದರು.

"ನೀವು ಹೇಳಿದಂಗ ಕಾಯ್ತಿದ್ದೆ ರೀ."

"ಕುರಿ ಕಾಯಾಂವ, ಕುರಿ ಬರಲಿ ಅಂತ ಮನ್ಯಾಗ ಕೂಡ್ತಾನೇನು?"

ಜಯವಂತನ ಕೈ ಗಂಟಿನ ಮೇಲೆಯೇ ನಿಂತಿತು. ಕಾಯು ಎಂದು ಗುರು ಹೇಳಿದ ಆ ಒಂದು ಮಾತನ್ನು ಅವನು ಅರ್ಧವೇ ಕೇಳಿಸಿಕೊಂಡಿದ್ದ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದವಳನ್ನು ಕಂಡು ನಗುವವರು ನಾವೆಲ್ಲ. ಅವನಿಗೆ ಆಗ ನಗು ಬರಲಿಲ್ಲ.

ಹರಿಗೋಲು ಮಂಜಿನೊಳಗೆ ಸುತ್ತಿ ಸುತ್ತಿ ಸಾಗಿತು. ಮುಳುಗಿದ ಊರಿನ ಮೇಲೆ ಹೋಗುತ್ತಿದ್ದೇವೆ ಎಂದರು ಅಯ್ಯನವರು. ಕೆಳಗೆ ಬೀದಿಗಳಿದ್ದವು, ಒಲೆಗಳಿದ್ದವು, ಮದುವೆ ನಡೆದ ಅಂಗಳಗಳಿದ್ದವು. ಜಯವಂತ ಹುಟ್ಟನ್ನು ಮೆಲ್ಲಗೆ ಹಾಕಿದ, ಯಾರನ್ನೋ ಎಬ್ಬಿಸಬಾರದು ಎನ್ನುವಂತೆ.

ಆಚೆ ದಂಡೆಯ ಮರಳಿನ ಮೇಲೆ ಜಮಖಾನೆ ಹಾಸಿತ್ತು. ಅದರ ಮೇಲೆ ಹತ್ತಾರು ಮಂದಿ, ಹೆಗಲಿಗೆ ಕಂಬಳಿ ಹೊದ್ದು ಕೂತಿದ್ದರು. ದೀಪ ಹಚ್ಚಿಟ್ಟಿದ್ದರು. ಒಂದು ಜಾಗ ಖಾಲಿ ಬಿಟ್ಟಿದ್ದರು.

ರೂತವ್ವ ಎಂಬ ಮುದುಕಿ ಎದ್ದು ಬಂದಳು. ಧಾಟಿ ತಪ್ಪಿದ ದನಿ ಅವಳದೇ.

"ಯಾಕ ತಡಾ ಮಾಡಿದ್ರಿ?" ಎಂದಳು.

ಜಯವಂತ ಸುಳ್ಳು ಹೇಳಲಿಲ್ಲ. "ನಿಮ್ಮನ್ನ ಕಾಯ್ತಿದ್ದೆ ರೀ, ಯವ್ವಾ."

"ನಾವೂ ನಿಮ್ಮನ್ನ ಕಾಯ್ತಿದ್ವಿ."

ತಮ್ಮ ಹರಿಗೋಲು ಹಳೆಯ ಊರಿನ ಜೊತೆಗೇ ಹೋಯಿತು ಎಂದು ಅವಳು ಹೇಳಿದಳು. ದಿನಾ ಬೆಳಿಗ್ಗೆ ಇಲ್ಲಿ ಕೂತು ಹಾಡಿ ಕೆಲಸಕ್ಕೆ ಹೋಗುತ್ತಿದ್ದರಂತೆ. ಆಚೆಯಿಂದ ಹಾಡು ಕೇಳಿಸುತ್ತಿತ್ತಂತೆ. ಇವತ್ತು ಬಂದಾರು, ನಾಳೆ ಬಂದಾರು ಎಂದುಕೊಂಡರಂತೆ.

ಆಮೇಲೆ ಅವಳು ದನಿ ತಗ್ಗಿಸಿದಳು. ಈ ನಡುವೆ ಅವಳ ಗಂಡ ತೀರಿಕೊಂಡಿದ್ದ. ಪ್ರಾರ್ಥನೆ ಹೇಳಲು ಯಾರೂ ಇರಲಿಲ್ಲ. ತಾವೇ ಮಣ್ಣು ಮಾಡಿದ್ದರು.

"ಅವತ್ತ ಮುಂಜಾನಿ ಮಣ್ಣ ಹಾಕೂ ಹೊತ್ತಿಗೆ ಆಕಡಿಂದ ನಿಮ್ಮ ಹಾಡು ಬಂತು," ಎಂದಳು. "ಸುದ್ದಿ ಮುಟ್ಟೇತಿ, ನಮ್ಮ ಕೂಡ ಹಾಡಾಕತ್ತಾರ ಅಂದ್ವಿ. ಅಷ್ಟು ಸಾಕಾತು ನೋಡ್ರಿ."

ಸುದ್ದಿ ಮುಟ್ಟಿರಲಿಲ್ಲ. ಅವನು ಬೇಸರಕ್ಕೆ ಹಾಡಿದ್ದ. ಅದನ್ನೂ ಅವಳಿಗೆ ಹೇಳಿಬಿಟ್ಟ, ಹೇಳಿ ಅತ್ತ.

ರೂತವ್ವ ತನ್ನ ಸೆರಗಿನಿಂದ ಅವನ ಮುಖ ಒರೆಸಿ, ಚಹಾ ಆರುತ್ತದೆ, ಬಂದು ಕೂಡಿರಿ ಎಂದು ಹೇಳಿ ಹೋದಳು.

ಅಯ್ಯನವರು ಆಗಲೇ ಹರಿಗೋಲು ಹತ್ತಿ ಕೂತಿದ್ದರು. ಜಯವಂತ ಮೊಣಕಾಲಿನವರೆಗೆ ನೀರಿಗಿಳಿದು ಅದರ ಅಂಚು ಹಿಡಿದ.

"ಅಯ್ಯನವರ, ನನ್ನ ಕರಕೊಂಡ ಹೋಗ್ರಿ. ಯಾವ ಮುಖ ಇಟಗೊಂಡು ಇವರ ನಡುವ ಕೂಡಲಿ? ಇವರಿಗೆ ನನಗಿಂತ ಚಲೋ ಪಾಲಕ ಬೇಕು."

"ಹೌದು, ಬೇಕು," ಎಂದರು ಅಯ್ಯನವರು.

ಅಂಚು ಹಿಡಿದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಹರಿಗೋಲು ಮಂಜಿಗೆ ಸರಿಯಿತು. ಮೊದಲು ಕೋಲು ಕಾಣದಾಯಿತು, ಆಮೇಲೆ ಅವರೂ ಕಾಣದಾದರು. ದನಿಯೊಂದು ಮಾತ್ರ ಬಂತು.

"ಆ ಸ್ವಾಮಿ ಬಂದೇ ಬರತಾನ. ಅಲ್ಲೀತನಕ ಇವರನ್ನ ಕಾಯು."