ಒಲೆ ಆರಿಸಿ ಹೋದರೇ?

ಹೊಳೆಯ ಆಚೆ ಯಾವ ಊರು, ಈಚೆ ಯಾವ ಊರು ಎಂದು ಕೇಳಬೇಡಿ. ನಡುವೆ ದೋಣಿಯಲ್ಲಿ ಹೊಳೆ ದಾಟುವ ಒಂದು ಕಡವಿತ್ತು, ಕಡವಿನ ಮೇಲೊಂದು ದಿಬ್ಬ, ದಿಬ್ಬದ ಮೇಲೆ ಆಶ್ರಮ. ಕಥೆಗೆ ಅಷ್ಟು ಸಾಕು.

ಅಲ್ಲಿ ಮಾಳಬ್ಬೆ ಎಂಬ ಮುದುಕಿ ಹಿಂದಿನ ಕಾಲದ ವಿದ್ಯೆ ಹೇಳಿಕೊಡುತ್ತಿದ್ದಳು. ಯಾವ ನಾಡು ಎದ್ದಿತು, ಯಾವುದು ಬಿತ್ತು, ಯಾರ ಕುದುರೆ ಯಾರ ಬಾಗಿಲಿಗೆ ಬಂತು, ಇದೆಲ್ಲ.

ಆಕೆಯ ಶಿಷ್ಯ ಕೇತಣ. ದಂಡು ಹಾದುಹೋದ ವರ್ಷ ಊರಿಗೆ ಊರೇ ಗುಳೆ ಎದ್ದು ಕಡವು ದಾಟುವಾಗ ಅವನ ತಾಯಿ ಅವನನ್ನು ಇಲ್ಲಿ ಬಿಟ್ಟು ಹೋಗಿದ್ದಳು. ಆಗವನು ಇನ್ನೂ ತೊದಲು ಮಾತಿನ ಮಗು.

ಮಗು ಅತ್ತೂ ಅತ್ತೂ ಸೋತಿತ್ತು. ‘ಅಮ್ಮ ಎಲ್ಲಿ?’

‘ವಲಸೆ ಹೋಗಿದ್ದಾಳೆ’ ಎಂದಿದ್ದಳು ಮಾಳಬ್ಬೆ.

ಮಗುವಿಗೆ ಅರ್ಥವಾಗಲಿಲ್ಲ. ಆದರೆ ಅಳು ನಿಂತಿತು. ಬಾಯಲ್ಲಿ ಬೆಲ್ಲದ ಚೂರು ಇಟ್ಟುಕೊಂಡ ಹಾಗೆ ಆ ಪದವನ್ನೇ ಚಪ್ಪರಿಸುತ್ತ ನಿದ್ದೆಹೋಯಿತು.

ಅಂದಿನಿಂದ ಕೇತಣನಿಗೆ ಪದಗಳ ಹುಚ್ಚು. ಸಾಮ್ರಾಜ್ಯ, ಸಾಮಂತ, ನಾಗರಿಕತೆ, ದಂಡಯಾತ್ರೆ, ಯುಗ, ವರ್ತಕರ ದಾರಿ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಅರ್ಥ ಹೇಳುತ್ತಿದ್ದ. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರೆ. ಇವನದು ತುಂಬಿಯೂ ತುಳುಕುತ್ತಿತ್ತು.

ಪದಗಳಲ್ಲದೆ ಅವನಿಗೆ ಇನ್ನೊಂದು ಕೆಲಸವೂ ಇತ್ತು. ಆಶ್ರಮದ ಮೂಲೆಯಲ್ಲೊಂದು ಸಣ್ಣ ಒಲೆ. ಸಂಜೆ ಅದರ ಕೆಂಡಕ್ಕೆ ಬೂದಿ ಮುಚ್ಚಬೇಕು, ಬೆಳಿಗ್ಗೆ ಬೂದಿ ಕೆದಕಿ ಊದಬೇಕು. ಅವನಿಗೆ ಊದಲು ಬಂದ ದಿನದಿಂದ ಇದು ಅವನ ಪಾಲಿಗೆ ಬಿದ್ದಿತ್ತು.

‘ದೊಡ್ಡ ಒಲೆ ಇರುವಾಗ ಇದು ಯಾಕೆ?’ ಎಂದು ಕೇಳಿದ್ದಕ್ಕೆ, ‘ಇದು ನಿನ್ನ ಕೆಲಸ’ ಎಂದಷ್ಟೇ ಹೇಳಿದ್ದಳು ಮಾಳಬ್ಬೆ.

ಹೀಗಿರುವಾಗ ದೂರದ ಪಟ್ಟಣದ ವಿದ್ಯಾಪೀಠದಿಂದ ಕರೆ ಬಂತು. ಇನ್ನು ಅಲ್ಲಿ ಕೇತಣನೇ ಗುರು. ಆದರೆ ಮಾಳಬ್ಬೆ ಒಪ್ಪಿ ಕಳಿಸಬೇಕು. ಅವನಿಗೆ ಆ ಪೀಠ ಬೇಕಾಗಿತ್ತು. ಯಾರೂ ಇಲ್ಲದವನಿಗೆ ಕೂರಲೊಂದು ಜಾಗ ಬೇಡವೇ?

ಹೊರಡುವ ಹಿಂದಿನ ಸಂಜೆ ಅವಳ ಮುಂದೆ ಕುಳಿತ.

‘ಒಂದೇ ಪದ ಕೇಳ್ತೀನಿ’ ಎಂದಳು ಮಾಳಬ್ಬೆ. ‘ವಲಸೆ ಅಂದ್ರೇನು?’

ಕೇತಣನಿಗೆ ನಗು ಬಂತು. ‘ಯುದ್ಧವೋ, ಹಸಿವೋ, ವ್ಯಾಪಾರವೋ, ಯಾವುದೋ ಕಾರಣಕ್ಕೆ ಒಂದು ಜನಸಮುದಾಯ ತನ್ನ ನೆಲ ಬಿಟ್ಟು ಇನ್ನೊಂದು ನೆಲದಲ್ಲಿ ಹೋಗಿ ನೆಲೆಸುವುದು.’

‘ಹೋಗುವಾಗ ಒಲೆ ಆರಿಸಿ ಹೋದರೋ, ಹಾಗೇ ಬಿಟ್ಟು ಹೋದರೋ?’

‘ಅದು ಅರ್ಥದಲ್ಲಿ ಬರೋದಿಲ್ಲ, ಗುರುಗಳೇ.’

‘ಬರೋದಿಲ್ಲವಾ?’

‘ಎಲ್ಲೂ ಹಾಗೆ ಹೇಳಿಲ್ಲ.’

‘ಹಾಗಾದ್ರೆ ನಸುಕಿಗೆ ಕಡವಿಗೆ ಹೋಗಿ ಕೂತ್ಕೋ. ದಾಟೋರನ್ನ ಕೇಳ್ಕೊಂಡು ಬಾ. ಪಟ್ಟಣದ ಮಾತು ಆಮೇಲೆ.’

ಕೇತಣನಿಗೆ ಮೈಯೆಲ್ಲ ಉರಿಯಿತು. ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲ ಎಂದುಕೊಂಡ. ಮೂಲೆಯ ಒಲೆಯತ್ತ ತಿರುಗಿಯೂ ನೋಡಲಿಲ್ಲ. ಪೀಠ ಏರುವವನಿಗೆ ಬೂದಿಯ ಗೊಡವೆ ಯಾಕೆ? ಕೆಂಡಕ್ಕೆ ಬೂದಿ ಮುಚ್ಚದೆ ಬರಿಮೈಯಲ್ಲಿ ಬಿಟ್ಟು ಮಲಗಿದ. ನಿದ್ದೆ ಬರಲಿಲ್ಲ.

ನಸುಕಿಗೆ ಕಡವಿನ ಕಲ್ಲಿನ ಮೇಲೆ ಹೋಗಿ ಕೂತ. ಹೊಳೆಯ ತುಂಬ ಮಂಜು. ಹುಟ್ಟು ಹಾಕುವ ಸದ್ದು ಕೇಳುತ್ತಿತ್ತು, ದೋಣಿ ಕಾಣುತ್ತಿರಲಿಲ್ಲ. ಅವನ ಕಣ್ಣೇ ಮುಚ್ಚಿತೋ, ಮಂಜೇ ಬಂದು ಮುಚ್ಚಿತೋ, ಹೇಳುವುದು ಕಷ್ಟ.

ಮಂಜಿನೊಳಗಿಂದ ಒಬ್ಬ ಮುದುಕ ಬಂದ. ಕಂಕುಳಲ್ಲಿ ಒಂದು ಸುಟ್ಟ ಇಟ್ಟಿಗೆ. ಅಂಥ ಇಟ್ಟಿಗೆ ಮಣ್ಣಿನಡಿ ಹೂತುಹೋಗಿ ಸಾವಿರಾರು ವರ್ಷವಾಗಿದೆ ಎಂದು ಕೇತಣನಿಗೆ ಗೊತ್ತಿತ್ತು.

‘ನೀವು ಹೊಳೆದಂಡೆಯ ಆ ಹಳೆಯ ನಾಗರಿಕತೆಯವರಲ್ಲವೇ?’

‘ಏನದು?’ ಮುದುಕ ಕಿವಿಯ ಹಿಂದೆ ಕೈಯಿಟ್ಟ. ‘ನಾವು ಊರು ಅಂತಿದ್ವಿ.’

‘ಇಟ್ಟಿಗೆ ಯಾಕೆ?’

‘ನಮ್ಮ ಜಗುಲೀದು. ಇದರ ಮೇಲೆ ಕೂತ್ರೇನೇ ನನಗೆ ಊಟ ಸೇರೋದು.’

ಅವನು ಇಟ್ಟಿಗೆಯನ್ನು ಇನ್ನೊಂದು ಕಂಕುಳಿಗೆ ಬದಲಿಸಿ ನಡೆದುಹೋದ.

ಹಿಂದೆಯೇ ಒಬ್ಬ ಪಾರಸೀಕ. ದೋಣಿ ಹತ್ತಲು ಒಲ್ಲದ ಕುದುರೆಯ ಕಿವಿಯಲ್ಲಿ ಏನೋ ಪಿಸುಗುಟ್ಟಿ ಮುದ್ದಿಸುತ್ತಿದ್ದ. ಇವನು ವರ್ತಕರ ದಾರಿಯವನು, ಸಂಶಯವಿಲ್ಲ.

‘ನೀವು ಪ್ರಾಚೀನರೋ, ಮಧ್ಯಕಾಲದವರೋ?’

ಪಾರಸೀಕ ಸುತ್ತಲೂ ನೋಡಿದ. ‘ಮಧ್ಯ ಅಂದರೆ? ನಾನು ಈಗಿನವನಪ್ಪ. ಸ್ವಲ್ಪ ಈ ಹಗ್ಗ ಹಿಡ್ಕೋ.’

ಕೇತಣ ಹಗ್ಗ ಹಿಡಿದ. ಕುದುರೆಯ ಬಿಸಿಯುಸಿರು ಅವನ ಕತ್ತಿಗೆ ತಾಗಿತು. ಯಾವ ಪದದಲ್ಲೂ ಅವನಿಗೆ ಆ ಬಿಸಿ ಸಿಕ್ಕಿರಲಿಲ್ಲ. ತಿರುಗಿ ನೋಡುವಷ್ಟರಲ್ಲಿ ಕುದುರೆಯೂ ಇಲ್ಲ, ಹಗ್ಗವೂ ಇಲ್ಲ.

ಕೊನೆಗೆ ಒಬ್ಬ ಹೆಂಗಸು ಬಂದಳು. ಸೊಂಟದವರೆಗೆ ಒದ್ದೆ. ಒಂದು ಕೈಯಲ್ಲಿ ಮಗುವಿನ ಕೈ, ಇನ್ನೊಂದರಲ್ಲಿ ಮಣ್ಣಿನ ಮಡಕೆ. ಮಡಕೆಯ ಮುಚ್ಚಳ ಓರೆಯಾಗಿತ್ತು. ಸಂದಿಯಿಂದ ಬಂದ ಕೆಂಪು ಅವಳ ಗಲ್ಲದ ಮೇಲೆ ಮಾತ್ರ ಬೀಳುತ್ತಿತ್ತು, ಮುಖ ಮಂಜಿನಲ್ಲಿತ್ತು.

ಅವಳು ಯಾವ ಪದದವಳು ಎಂದು ಕೇತಣ ಕೇಳಲು ಹೋಗಲಿಲ್ಲ.

‘ಅವ್ವಾ, ಬರುವಾಗ ಒಲೆ ಆರಿಸಿ ಬಂದ್ಯಾ?’

‘ಆರಿಸ್ತಾರಾ ಮಗಾ ಯಾರಾದ್ರೂ?’ ಎಂದಳು ಅವಳು. ‘ಹೊತ್ಕೊಂಡು ಬಂದೆ.’

ಆಮೇಲೆ ಕತ್ತು ಎತ್ತಿ ದಿಬ್ಬದ ಕಡೆ ನೋಡಿದಳು. ‘ಅಲ್ಲಿ ಇವತ್ತು ಹೊಗೆ ಕಾಣ್ತಿಲ್ಲವಲ್ಲ?’

ಕೇತಣ ಬೆಚ್ಚಿ ಕಣ್ಣು ಬಿಟ್ಟ. ಕಡವಿನಲ್ಲಿ ಯಾರೂ ಇರಲಿಲ್ಲ. ಮಂಜು ಹರಿದಿತ್ತು. ದಿಬ್ಬದ ಮೇಲೆ, ಆ ಮೂಲೆಯಲ್ಲಿ, ಹೊಗೆ ಇರಲಿಲ್ಲ.

ಅವನು ಓಡಿದ. ಪೀಠಕ್ಕೆ ಹೊರಟವನಿಗೆ ಆ ಓಟ ಶೋಭಿಸುತ್ತಿರಲಿಲ್ಲ. ಪಂಚೆ ಕಾಲಿಗೆ ತೊಡರಿತು, ಎರಡು ಸಲ ಮುಗ್ಗರಿಸಿದ.

ಒಲೆ ತಣ್ಣಗಿತ್ತು. ಬರಿ ಬೂದಿ. ಎರಡೂ ಕೈಯಿಂದ ಬಗೆದ. ಮೇಲೆ ತಣ್ಣಗೆ, ಒಳಗೂ ತಣ್ಣಗೆ. ತೀರ ತಳದಲ್ಲಿ, ಗುಲಗಂಜಿಯಷ್ಟು, ಒಂದು ಕೆಂಪು.

ಕೇತಣ ಮಂಡಿಯೂರಿ ಊದಿದ. ಜೋರಾಗಿ ಊದಿದರೆ ಸತ್ತೀತು, ಮೆಲ್ಲಗೆ ಊದಿದರೆ ಏಳದು. ಇಷ್ಟು ವರ್ಷ ಬೇಜಾರಿನಿಂದಲೇ ಊದಿದ ಉಸಿರು ಈಗ ಕೈಹಿಡಿಯಿತು. ಒಣ ಹುಲ್ಲಿನ ಎಳೆಯೊಂದು ಹತ್ತಿಕೊಂಡಿತು.

ಹಿಂದೆ ಮಾಳಬ್ಬೆ ನಿಂತಿದ್ದಳು.

‘ಗುರುಗಳೇ, ಈ ಒಲೆ ಯಾರದು?’

‘ನಿಮ್ಮಮ್ಮ ಬಂದಾಗ ಒಂದು ಕೈಯಲ್ಲಿ ನೀನಿದ್ದೆ, ಇನ್ನೊಂದು ಕೈಯಲ್ಲಿ ನಿಮ್ಮನೆ ಕೆಂಡ. ನಿಮ್ಮಜ್ಜಿ ನಡೀಲಾರದೆ ಆಚೆ ದಡದಲ್ಲಿ ಕೂತುಬಿಟ್ಟಿದ್ಳಂತೆ. ಎರಡನ್ನೂ ನನ್ನ ಕೈಗೆ ಕೊಟ್ಟು, ಬರೋವರೆಗೂ ನೋಡ್ಕೊಳ್ಳಿ ಅಂದು, ತಿರುಗಿ ಹೋದ್ಳು.’

‘ಬರಲಿಲ್ಲ.’

‘ಬರಲಿಲ್ಲ.’

‘ನನಗ್ಯಾಕೆ ಹೇಳಲಿಲ್ಲ?’

‘ಅವತ್ತು ವಲಸೆ ಅಂದೆ, ನೀನು ಅಳು ನಿಲ್ಲಿಸಿದೆ. ಆಮೇಲೆ ನೀನು ಪದ ಕೇಳಿದೆ, ನಾನು ಪದ ಕೊಟ್ಟೆ. ಅಮ್ಮನ್ನ ಕೇಳಲೇ ಇಲ್ಲ.’

ಕೇತಣ ಅತ್ತ. ಮಗುವಿನಲ್ಲಿ ನಿಂತುಹೋಗಿದ್ದ ಅಳು ಗಡ್ಡ ಬಂದವನಲ್ಲಿ ಮುಂದುವರಿಯಿತು. ಮಾಳಬ್ಬೆ ಪಕ್ಕದಲ್ಲಿ ಕೂತು ಒಂದೊಂದೇ ಪುರಳೆ ಕಡ್ಡಿ ಮುರಿದು ಒಲೆಗೆ ಹಾಕಿದಳು.

ಬಿಸಿಲು ಏರಿದ ಮೇಲೆ ಅವಳು ಅಟ್ಟದಿಂದ ಒಂದು ಹಳೆಯ ಮಡಕೆ ಇಳಿಸಿದಳು. ಕಂಠವೆಲ್ಲ ಮಸಿ. ಕೇತಣ ತಳಕ್ಕೆ ಬೂದಿ ಹರವಿ, ಅರ್ಧ ಕೆಂಡವನ್ನು ಅದರೊಳಗೆ ಇಟ್ಟ. ಉಳಿದರ್ಧಕ್ಕೆ ಒಲೆಯಲ್ಲೇ ಮೆತ್ತಗೆ ಬೂದಿ ಮುಚ್ಚಿದ. ಬರುವವಳು ಬಂದರೆ ಇರಲಿ ಎಂದು.

ಬಾಗಿಲಲ್ಲಿ ನಮಸ್ಕರಿಸಿ ಎದ್ದ.

‘ವಲಸೆ ಅಂದ್ರೇನು, ಕೇತಣ?’

ಅವನು ಮಡಕೆಯನ್ನು ಎದೆಗೊತ್ತಿಕೊಂಡು, ದಾರಿಯ ಗಾಳಿಗೆ ಹೆದರಿ, ಮುಚ್ಚಳವನ್ನು ಬಿಗಿಯಾಗಿ ಅದುಮಿದ.

ಮಾಳಬ್ಬೆ ಕೈಚಾಚಿ ಅದನ್ನು ಒಂದಿಷ್ಟು ಸರಿಸಿದಳು.

‘ಓರೆ ಇರಲಿ. ಅದಕ್ಕೂ ಉಸಿರು ಬೇಕು.’